ಕೀಮೋ ನಡುವೆ ಒಂದು ಪ್ರವಾಸ: ಮಗು ಆಸೆಪಟ್ಟ ಜಾಗಕ್ಕೆ ಕರೆದುಕೊಂಡು ಹೋಗೋದು ಹೇಗೆ

ಮೊದಲು ಮಗುವನ್ನೇ ಕೇಳಿ. ಇದು ಎಲ್ಲರಿಗೂ ಗೊತ್ತಿರೋ ಮಾತು ಅನಿಸಬಹುದು. ಆದರೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನನ್ನ ಅಣ್ಣನ ಮಗನಿಗೆ ಏಳು ವರ್ಷ ಇದ್ದಾಗ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ಮಕ್ಕಳಲ್ಲಿ ಜಾಸ್ತಿ ಕಾಣಿಸಿಕೊಳ್ಳುವ ಎ.ಎಲ್.ಎಲ್. ಎನ್ನುವ ಬಗೆ. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಆರೇಳು ತಿಂಗಳಾದ ಮೇಲೆ ಅವನು ಆಟದ ಸಾಮಾನಿನ ಕಡೆಯೂ ತಿರುಗಿ ನೋಡುವುದನ್ನು ಬಿಟ್ಟ. ಆಗ ದೊಡ್ಡವರೆಲ್ಲ ಸೇರಿ ಇವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತ ಮಾತಾಡಿದೆವು. ಅಣ್ಣ ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡ್ ಅಂದ. ಅಮ್ಮ ಧರ್ಮಸ್ಥಳ ಅಂದರು. ನಾನು ಊಟಿ ಅಂದೆ. ಒಂದು ವಾರ ಇದೇ ಚರ್ಚೆ. ಒಂದು ದಿನ ಅತ್ತಿಗೆ ಅವನ ಹಾಸಿಗೆ ಪಕ್ಕ ಕೂತು, ನಿನಗೆ ಎಲ್ಲಿಗೆ ಹೋಗಬೇಕು ಅನ್ನಿಸುತ್ತೆ ಪುಟ್ಟ ಅಂತ ಕೇಳಿದಳು. ಅವನು ಯೋಚನೆ ಕೂಡ ಮಾಡಲಿಲ್ಲ. "ಸಕಲೇಶಪುರದ ರೈಲಲ್ಲಿ ಹೋಗಿ ಸುರಂಗ ಎಣಿಸಬೇಕು" ಅಂದ. ವಾರ್ಡಿನಲ್ಲಿ ಮಲಗಿಕೊಂಡೇ ಆ ರೈಲಿನ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ್ದನಂತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅದು ಅವನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಹಾಗಾಗಿ ಕೇಳಿ. ಕೇಳುವಾಗ ಆಯ್ಕೆ ಕೊಡಬೇಡಿ. ಡಿಸ್ನಿನಾ ಊಟಿನಾ ಅಂದರೆ ಮಗು ನಿಮ್ಮ ಮುಖ ನೋಡಿ ನಿಮಗೆ ಇಷ್ಟವಾದದ್ದನ್ನೇ ಹೇಳುತ್ತದೆ. ಈ ಮಕ್ಕಳು ಅಪ್ಪ ಅಮ್ಮನ ಮುಖ ಓದುವುದರಲ್ಲಿ ತುಂಬಾ ಚುರುಕು. ಒಂದು ಸಲ ಕೇಳಿ ಬಿಡಬೇಡಿ, ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಉತ್ತರದೊಳಗೆ ಮಗುವಿಗೆ ನಿಜವಾಗಿ ಬೇಕಾಗಿರೋದು ಏನು ಅಂತ ಹುಡುಕಿ. ಸಮುದ್ರ ಅಂದರೆ ಅಲೆನಾ, ಮರಳಾ, ದೋಣಿನಾ? ವಿಮಾನ ಅಂದರೆ ಹತ್ತಿ ಕೂರಬೇಕಾ, ಇಲ್ಲ ಹತ್ತಿರದಿಂದ ನೋಡಿದರೆ ಸಾಕಾ? ನೋಡಿದರೆ ಸಾಕು ಅನ್ನೋ ಮಗುವಿಗೆ ಮಾರತ್ತಹಳ್ಳಿ ಕಡೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಒಂದು ಬೆಳಗ್ಗೆ ಕಳೆದರೆ ಆಸೆ ತೀರಬಹುದು.

ಯಾವಾಗ ಹೋಗೋದು

ಎಲ್ಲ ಮುಗಿಲಿ, ಆಮೇಲೆ ಹೋದರಾಯಿತು ಅನ್ನೋದು ತೀರಾ ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಪಕ್ಕದ ಬೆಡ್‌ನಲ್ಲಿ ಒಬ್ಬಳು ಹುಡುಗಿ ಇದ್ದಳು. ಮೈಸೂರು ಝೂನಲ್ಲಿ ಜಿರಾಫೆ ನೋಡಬೇಕು ಅಂತಿದ್ದಳು. ನಾವಿರುವ ಬೆಂಗಳೂರಿನಿಂದ ಮೈಸೂರು ಮೂರು ಗಂಟೆ ದಾರಿ. ಮನೆಯವರು ಒಳ್ಳೆಯ ಮನಸ್ಸಿನಿಂದಲೇ, ಟ್ರಾನ್ಸ್‌ಪ್ಲಾಂಟ್ ಆಗಲಿ ಅಂತ ಕಾದರು. ಅವಳು ಝೂ ನೋಡಲೇ ಇಲ್ಲ. ಅವಳ ಅಮ್ಮ ಆಮೇಲೆ ಅತ್ತಿಗೆಗೆ ಫೋನ್ ಮಾಡಿ ಹೇಳಿದ್ದು ಅದೊಂದೇ ವಿಷಯ.

ಡಾಕ್ಟರ ಹತ್ತಿರ ಕೇಳೋ ರೀತಿಯೂ ಮುಖ್ಯ. "ಪ್ರವಾಸ ಹೋಗಬಹುದಾ ಡಾಕ್ಟ್ರೇ?" ಅಂದರೆ ಬೇಡ ಅನ್ನೋದೇ ಸುಲಭದ ಉತ್ತರ. "ಮಗುವಿಗೆ ಇಂಥ ಆಸೆ ಇದೆ, ಮುಂದಿನ ಎರಡು ತಿಂಗಳಲ್ಲಿ ಯಾವ ವಾರ ಹೋದರೆ ಅಪಾಯ ಕಡಿಮೆ, ಎಷ್ಟು ದಿನ ಹೋಗಬಹುದು?" ಅಂತ ಕೇಳಿ. ನಮ್ಮ ಡಾಕ್ಟರು ಈ ಪ್ರಶ್ನೆ ಕೇಳಿ ಚಾರ್ಟ್ ತೆಗೆದು ತಾವೇ ದಿನ ಎಣಿಸಿದರು.

ಲೆಕ್ಕ ಹೀಗೆ. ಕೀಮೋ ಕೊಟ್ಟ ಮೇಲೆ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದೊಳಗೆ ರಕ್ತದ ಕೌಂಟ್ ತೀರಾ ಕೆಳಗಿಳಿಯುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಮುಂದಿನ ಸುತ್ತಿನ ಕೀಮೋಗೆ ಸ್ವಲ್ಪ ಮುಂಚೆ, ಕೌಂಟ್ ಚೇತರಿಸಿಕೊಂಡಿರುವ ಕೆಲವು ದಿನಗಳೇ ನಿಮಗೆ ಸಿಗುವ ಅವಕಾಶ. ಆಸ್ಪತ್ರೆಯಲ್ಲಿ ಎಎನ್‌ಸಿ ಅಂತಾರಲ್ಲ, ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣದ ಲೆಕ್ಕ, ಅದು 500ಕ್ಕಿಂತ ಕೆಳಗಿದ್ದರೆ ಸೋಂಕಿನ ಅಪಾಯ ತುಂಬಾ ಜಾಸ್ತಿ. 1000ದ ಮೇಲಿದ್ದರೆ ಮಾತ್ರ ಹೊರಡಿ ಅಂತ ನಮಗೆ ಹೇಳಿದ್ದರು. ನಿಮ್ಮ ಮಗುವಿನ ಅಂಕಿ ನಿಮ್ಮ ಡಾಕ್ಟರೇ ಹೇಳಬೇಕು. ಪ್ಲೇಟ್‌ಲೆಟ್ ಮತ್ತು ಹಿಮೋಗ್ಲೋಬಿನ್ ಬಗ್ಗೆಯೂ ಕೇಳಿ. ಹೊರಡುವ ಎರಡು ದಿನ ಮುಂಚೆ ಸಿಬಿಸಿ, ಅಂದರೆ ಈ ಕೌಂಟ್‌ಗಳನ್ನೆಲ್ಲ ನೋಡುವ ರಕ್ತ ಪರೀಕ್ಷೆ, ಮಾಡಿಸಿ.

ನಮ್ಮ ಮೊದಲನೇ ಸಲದ ಸಿಬಿಸಿಯಲ್ಲಿ ಎಎನ್‌ಸಿ 400 ಬಂತು. ಟಿಕೆಟ್ ರದ್ದು. ಅವನು ಆ ದಿನವಿಡೀ ಗೋಡೆ ಕಡೆ ತಿರುಗಿ ಮಲಗಿದ್ದ. ತಪ್ಪು ನಮ್ಮದೇ. ತಾರೀಕು ಹೇಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿಬಿಟ್ಟಿದ್ದೆವು. ಎರಡನೇ ಸಲ ತಾರೀಕು ಹೇಳಲಿಲ್ಲ. "ಕೌಂಟ್ ಏರಿದ ವಾರ ಹೋಗೋಣ" ಅಂದೆವು. ವಾರ್ಡಿನ ಮಕ್ಕಳಿಗೆ ಕೌಂಟ್ ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಆ ಮಾತನ್ನು ಅವನು ತಕ್ಷಣ ಒಪ್ಪಿಕೊಂಡ. ರೂಮ್ ಬುಕ್ ಮಾಡುವಾಗಲೂ ರದ್ದಾದರೆ ದುಡ್ಡು ವಾಪಸ್ ಬರುವಂಥದ್ದನ್ನೇ ನೋಡಿ, ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ.

ರಜೆ ದಿನ, ದಸರಾ, ಶನಿವಾರ ಭಾನುವಾರ ಬೇಡ. ಜನಜಂಗುಳಿಯಲ್ಲಿ ಕೆಮ್ಮು ನೆಗಡಿ ಜಾಸ್ತಿ. ಕರಾವಳಿ, ಘಾಟಿ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಟ್ಟುಬಿಡಿ. ಗುಡ್ಡ ಕುಸಿದು ರೈಲು ನಿಲ್ಲುವುದುಂಟು, ಸಮುದ್ರಕ್ಕೂ ಇಳಿಯಲಾಗುವುದಿಲ್ಲ. ಮೈಸೂರು ಝೂ, ಬನ್ನೇರುಘಟ್ಟ ಎರಡಕ್ಕೂ ಮಂಗಳವಾರ ರಜಾ. ಅದನ್ನು ಮರೆತು ಗೇಟಿನ ತನಕ ಹೋಗಿ ಮಗುವನ್ನು ವಾಪಸ್ ಕರೆತರೋ ಸಂಕಟ ಯಾರಿಗೂ ಬೇಡ.

ದುಡ್ಡು ಮತ್ತು ಸಹಾಯ

ಆಸೆ ದೊಡ್ಡದಾಗಿದ್ದು ನಿಮ್ಮ ಕೈಯಲ್ಲಿ ಆಗಲ್ಲ ಅನ್ನಿಸಿದರೆ ಸಹಾಯ ಕೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೇಕ್ ಎ ವಿಶ್ ಅನ್ನೋ ಸಂಸ್ಥೆ ಇದಕ್ಕೇ ಇದೆ. 1980ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬ್ಲಡ್ ಕ್ಯಾನ್ಸರ್ ಇದ್ದ ಏಳು ವರ್ಷದ ಹುಡುಗನೊಬ್ಬ ಪೊಲೀಸ್ ಆಗಬೇಕು ಅಂದಿದ್ದ. ಅಲ್ಲಿನ ಪೊಲೀಸರು ಅವನಿಗೆ ಸಮವಸ್ತ್ರ ಹೊಲಿಸಿ, ಹೆಲಿಕಾಪ್ಟರ್‌ನಲ್ಲಿ ಸುತ್ತಾಡಿಸಿದರು. ಅಲ್ಲಿಂದ ಹುಟ್ಟಿದ ಸಂಸ್ಥೆ ಇದು. ಭಾರತದಲ್ಲಿ 1996ರಿಂದ ಇದೆ, ಬೆಂಗಳೂರಿನಲ್ಲೂ ಕೆಲಸ ಮಾಡುತ್ತದೆ. ಮೂರರಿಂದ ಹದಿನೆಂಟು ವರ್ಷದೊಳಗಿನ, ಜೀವಕ್ಕೆ ಅಪಾಯವಿರುವ ಕಾಯಿಲೆಯ ಮಕ್ಕಳಿಗೆ. ಮನೆಯವರೂ ಹೆಸರು ಕೊಡಬಹುದು, ಆಸ್ಪತ್ರೆಯವರೂ ಕೊಡಬಹುದು, ಡಾಕ್ಟರು ಒಪ್ಪಬೇಕು. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಯಾರಾದರೂ ಇದರ ಹೆಸರು ಹೇಳಿಕೊಂಡು ನೋಂದಣಿ ಶುಲ್ಕ ಕೇಳಿದರೆ ಕೊಡಬೇಡಿ.

ಇದನ್ನು ಕೇಳಲು ಸರಿಯಾದ ಜಾಗ ನಿಮ್ಮ ಆಸ್ಪತ್ರೆಯ ಸೋಶಿಯಲ್ ವರ್ಕರ್. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇರಲಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ಅವರನ್ನು ಬಿಲ್ಲಿನ ವಿಷಯಕ್ಕೆ ಮಾತ್ರ ಹುಡುಕಬೇಡಿ. ಯಾವ ರೋಟರಿ ಕ್ಲಬ್, ಯಾವ ಟ್ರಸ್ಟ್ ಇಂಥದ್ದಕ್ಕೆ ಕೈ ಜೋಡಿಸುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಸಹಾಯ ಮಾಡುವವರು ಮಗುವಿನ ಫೋಟೋ ಕೇಳಬಹುದು. ಮಗುವನ್ನು ಕೇಳದೆ ಒಪ್ಪಬೇಡಿ. ಕೂದಲಿಲ್ಲದ ತನ್ನ ಫೋಟೋ ಯಾರ ಮೊಬೈಲಿನಲ್ಲಿದೆಯೋ ಅನ್ನೋದು ಎಂಟು ವರ್ಷದ ಮಗುವಿಗೂ ನೋವಿನ ವಿಷಯವೇ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ, ಜೊತೆಯಲ್ಲಿರುವ ಒಬ್ಬರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಆದರೆ ಅದು ಚಿಕಿತ್ಸೆಗೆ, ತಪಾಸಣೆಗೆ ಹೋಗಿಬರಲು ಮಾತ್ರ. ಪ್ರವಾಸಕ್ಕೆ ಪೂರ್ತಿ ದುಡ್ಡು ಕೊಟ್ಟೇ ಹೋಗಿ. ಖರ್ಚಿನ ಜೊತೆಗೆ, ಹಠಾತ್ತಾಗಿ ವಾಪಸ್ ಬರಬೇಕಾದರೆ ಬೇಕಾಗುವ ಕಾರಿನ ದುಡ್ಡು, ಒಂದೆರಡು ದಿನದ ಆಸ್ಪತ್ರೆ ಅಡ್ವಾನ್ಸ್ ಬೇರೆ ತೆಗೆದಿಡಿ. ಅದನ್ನು ಮುಟ್ಟಬೇಡಿ.

ದಾರಿ ಹೇಗೆ ಆರಿಸೋದು

ನನ್ನ ಅಭಿಪ್ರಾಯ, ಹೊರದೇಶಕ್ಕಿಂತ ಹತ್ತಿರದ ಊರು ಒಳ್ಳೆಯದು. ಮಗು ಡಿಸ್ನಿಯೇ ಬೇಕು ಅಂದರೆ ಖಂಡಿತ ಪ್ರಯತ್ನಿಸಿ. ಆದರೆ ಮೊದಲೇ ಇರುವ ಕಾಯಿಲೆಗೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ಆ ಒಂದು ಸಾಲನ್ನು ಪಾಲಿಸಿಯಲ್ಲಿ ಹುಡುಕಿ ಓದಿ.

ವಿಮಾನ ಅಂದರೆ ಇದು ಗೊತ್ತಿರಲಿ: ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 6000ದಿಂದ 8000 ಅಡಿ ಎತ್ತರದಲ್ಲಿ ಇದ್ದ ಹಾಗೆ ಇರುತ್ತದೆ. ಬೆಂಗಳೂರು 3000 ಅಡಿಯಲ್ಲಿದೆ, ಊಟಿ 7000ಕ್ಕೂ ಮೇಲೆ. ಅಂದರೆ ಒಂದೇ ಸಲಕ್ಕೆ ಊಟಿ ಬೆಟ್ಟದ ಮೇಲೆ ಹೋಗಿ ಕೂತ ಹಾಗೆ. ಹಿಮೋಗ್ಲೋಬಿನ್ ಕಡಿಮೆ ಇರುವ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ಮಗು ವಿಮಾನದಲ್ಲಿ ಹೋಗಬಹುದು ಅಂತ ಡಾಕ್ಟರ ಕೈಯಲ್ಲಿ ಫಿಟ್ ಟು ಫ್ಲೈ ಪತ್ರ ಬರೆಸಿ. ವಿಮಾನದವರಿಗೆ ಮಗುವಿನ ಕಾಯಿಲೆಯ ವಿವರ ಇರುವ ಮೆಡಿಫ್ ಅನ್ನೋ ಫಾರಂ ಬೇಕಾಗಬಹುದು. ವೀಲ್‌ಚೇರ್ ಬೇಕಿದ್ದರೆ ಕನಿಷ್ಠ 48 ಗಂಟೆ ಮುಂಚೆ ಹೇಳಿ. ಮನೆಯ ಆಕ್ಸಿಜನ್ ಸಿಲಿಂಡರ್ ಒಯ್ಯಲು ಬಿಡಲ್ಲ, ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ, ಅನುಮತಿ ಇರುವ ಸಣ್ಣ ಕಾನ್ಸಂಟ್ರೇಟರ್ ಯಂತ್ರ ಬೇಕು, ಅದನ್ನೂ ಮೊದಲೇ ತಿಳಿಸಬೇಕು.

ರೈಲಿನ ಅನುಕೂಲ ಅಂದರೆ ಮಗು ಮಲಗಬಹುದು, ಕಾಲು ಚಾಚಬಹುದು, ಶೌಚಾಲಯ ಪಕ್ಕದಲ್ಲೇ ಇದೆ. ಬೆಂಗಳೂರಿನ ಯಶವಂತಪುರದಿಂದ ಸಕಲೇಶಪುರದ ಮೇಲೆ ಮಂಗಳೂರಿಗೆ ಹೋಗುವ ಹಗಲು ರೈಲಿಗೆ 2021ರಲ್ಲಿ ವಿಸ್ಟಾಡೋಮ್ ಬೋಗಿ ಜೋಡಿಸಿದರು. ಅಗಲದ ಕಿಟಕಿ, ಚಾವಣಿಗೂ ಗಾಜು, ಕಿಟಕಿ ಕಡೆ ತಿರುಗುವ 44 ಸೀಟು. ಹಗಲು ರೈಲು ವಾರದ ಎಲ್ಲ ದಿನ ಇರಲ್ಲ, ಘಾಟಿಯಲ್ಲಿ ಕಾಮಗಾರಿ ಇದ್ದಾಗ ನಿಲ್ಲಿಸುತ್ತಾರೆ ಕೂಡ, ಮೊದಲು ಅದನ್ನು ನೋಡಿಕೊಂಡೇ ಡಾಕ್ಟರ ಹತ್ತಿರ ದಿನ ಕೇಳಿ. ಒಳಗೆ ಎಸಿ ಜೋರು, ಟೋಪಿ, ಶಾಲು ಇರಲಿ.

ನಮ್ಮ ಡಾಕ್ಟರಿಗೆ ಇದ್ದ ಒಂದೇ ಆತಂಕ ಆ ಘಾಟಿ. ಅಲ್ಲಿ ರೈಲು ತೆವಳಿಕೊಂಡು ಹೋಗುತ್ತದೆ, ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಸುತ್ತ ಕಾಡು, ರಸ್ತೆ ಇಲ್ಲ, ಬಹಳ ಕಡೆ ನೆಟ್‌ವರ್ಕ್ ಇಲ್ಲ. ಮಧ್ಯದಲ್ಲಿ ಏನಾದರೂ ಆದರೆ ಇಳಿಯಲಾಗುವುದಿಲ್ಲ. ಅದಕ್ಕೆ ನಾವು ಹೀಗೆ ಮಾಡಿದೆವು. ನಮ್ಮ ಯಜಮಾನರು ಮುಂಚೆಯೇ ಕಾರು ತೆಗೆದುಕೊಂಡು ಹೋದರು. ಸಕಲೇಶಪುರ ಸ್ಟೇಷನ್ನಿನಲ್ಲಿ ಕಾದಿದ್ದು, ರೈಲು ಬಂದಾಗ ಮಗುವಿನ ಟೆಂಪರೇಚರ್ ನೋಡಿ ಚೆನ್ನಾಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ನಾವು ಮುಂದೆ ಹೋಗಿದ್ದು. ಜ್ವರ ಇದ್ದಿದ್ದರೆ ಅಲ್ಲೇ ಇಳಿದು ಹಾಸನಕ್ಕೆ ವಾಪಸ್ ಅಂತ ತೀರ್ಮಾನವಾಗಿತ್ತು. ಆಮೇಲೆ ಅವರು ಶಿರಾಡಿ ಘಾಟಿ ದಾರಿಯಲ್ಲಿ ಕಾರು ಓಡಿಸಿಕೊಂಡು ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ಬಂದು ನಿಂತರು. ರೈಲಿನ ಜೊತೆ ಒಂದು ಕಾರು ಅನ್ನೋದು ಅತಿಯಾಯಿತು ಅಂತ ಕೆಲವರು ಅಂದರು. ಆ ಕಾರು ಇದೆ ಅನ್ನೋ ಧೈರ್ಯದಿಂದಲೇ ಅತ್ತಿಗೆ ಒಂಬತ್ತು ತಿಂಗಳಲ್ಲಿ ಮೊದಲ ಸಲ ಕಿಟಕಿ ಹೊರಗೆ ನೋಡುತ್ತಾ ಕೂತಿದ್ದಳು. ನೀವು ಎಲ್ಲಿಗೇ ಹೋಗಿ, ದಾರಿಯಲ್ಲಿ ಎಲ್ಲಿಂದ ವಾಪಸ್ ತಿರುಗಬಹುದು ಅನ್ನೋ ಜಾಗಗಳನ್ನು ಮೊದಲೇ ಗುರುತು ಮಾಡಿ.

ತಲುಪುವ ಊರಿನಲ್ಲಿ ಮಕ್ಕಳ ಕ್ಯಾನ್ಸರ್ ನೋಡುವ ಆಸ್ಪತ್ರೆ ಇರಬೇಕು. ಮಂಗಳೂರಿನಲ್ಲಿ, ಮಣಿಪಾಲದಲ್ಲಿ ಇವೆ, ನಾವು ಧೈರ್ಯ ಮಾಡಿದ್ದು ಅದಕ್ಕೂ ಹೌದು. ಹೊರಡುವ ಮುಂಚೆಯೇ ನಿಮ್ಮ ಡಾಕ್ಟರಿಂದ ಅಲ್ಲಿನ ಡಾಕ್ಟರಿಗೆ ಒಂದು ಫೋನ್ ಮಾಡಿಸಿ.

ಬ್ಯಾಗಿನಲ್ಲಿ ಏನಿರಬೇಕು

ಒಂದು ಹಾಳೆ. ಅದರಲ್ಲಿ ಕಾಯಿಲೆಯ ಹೆಸರು, ಚಿಕಿತ್ಸೆಯ ಯಾವ ಹಂತ, ಕೊನೆಯ ಕೀಮೋ ಯಾವತ್ತು ಯಾವುದು, ಈಗಿನ ಮಾತ್ರೆಗಳು, ಅಲರ್ಜಿ, ರಕ್ತದ ಗುಂಪು, ಮಗುವಿನ ತೂಕ, ಕೊನೆಯ ಸಿಬಿಸಿ, ಡಾಕ್ಟರ ನಂಬರ್. ತೂಕ ಬರೆಯೋದು ಮರೆಯಬೇಡಿ, ಮಕ್ಕಳಿಗೆ ಔಷಧಿ ಕೊಡೋದೇ ತೂಕ ನೋಡಿ. ಮೂರು ಪ್ರತಿ ಮಾಡಿ, ಅಪ್ಪ ಅಮ್ಮ ಇಬ್ಬರ ಹತ್ತಿರವೂ ಇರಲಿ, ಫೋನಿನಲ್ಲೂ ಇರಲಿ. ಆಸ್ಪತ್ರೆಯ ದಪ್ಪ ಫೈಲ್ ರಾತ್ರಿ ಎರಡು ಗಂಟೆಗೆ ಹೊಸ ಊರಿನಲ್ಲಿ ಯಾರೂ ಓದಲ್ಲ.

ಮಾತ್ರೆಗಳನ್ನು ಎರಡು ಬ್ಯಾಗಿನಲ್ಲಿ ಹಂಚಿ ಇಡಿ, ಬೇಕಾದ್ದಕ್ಕಿಂತ ಮೂರು ದಿನ ಜಾಸ್ತಿ. ವಿಮಾನದಲ್ಲಿ ಕೈ ಬ್ಯಾಗಿನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ ಇರಲಿ. ಮಾರ್ಫಿನ್ ತೆಗೆದುಕೊಳ್ಳುವ ಮಗುವಾದರೆ ಚೀಟಿ ಇಲ್ಲದೆ ಮನೆಯಿಂದ ಹೊರಡಲೇಬೇಡಿ. ಥರ್ಮಾಮೀಟರ್ ಎರಡು. ಮಾಸ್ಕ್, ಕೈಗೆ ಹಾಕೋ ಸ್ಯಾನಿಟೈಸರ್, ವಾಂತಿಗೆ ಪ್ಲಾಸ್ಟಿಕ್ ಕವರ್, ಅವನದ್ದೇ ದಿಂಬು. ದಿಂಬು ಜಾಗ ತಿನ್ನುತ್ತೆ ಅಂತ ನಾನು ಬೇಡ ಅಂದಿದ್ದೆ, ಅತ್ತಿಗೆ ತಂದಳು, ಮೂರು ರಾತ್ರಿ ಅವನು ನಿದ್ದೆ ಮಾಡಿದ್ದು ಅದರ ಮೇಲೆಯೇ.

ಜ್ವರದ ವಿಷಯ ಜೊತೆಗಿರುವ ಎಲ್ಲರಿಗೂ ಗೊತ್ತಿರಬೇಕು, ಅಜ್ಜಿಗೂ. ಕೀಮೋದಲ್ಲಿರುವ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಬಂತು ಅಂದರೆ ಅದು ತುರ್ತು. ಬೆಳಗ್ಗೆ ತನಕ ಕಾಯೋದಲ್ಲ. ಡಾಕ್ಟರಿಗೆ ಹೇಳದೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಬೇಡಿ, ಒಳಗಿನ ಸೋಂಕು ಮುಚ್ಚಿಹೋಗುತ್ತದೆ. ನೇರ ಆಸ್ಪತ್ರೆಗೆ. ಗಾಡಿ ಇಲ್ಲದಿದ್ದರೆ 108.

ಅಲ್ಲಿ ಹೋದ ಮೇಲೆ

ದಿನಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ನಾವು ಮೂರು ದಿನಕ್ಕೆ ಮೂರೇ ಇಟ್ಟುಕೊಂಡಿದ್ದೆವು: ರೈಲು, ಸಮುದ್ರ, ವಾಪಸ್. ಅದರಲ್ಲೂ ಸಮುದ್ರದ ಬೆಳಗ್ಗೆ ಅವನಿಗೆ ಏಳಲಾಗಲಿಲ್ಲ, ಸಂಜೆ ಹೋದೆವು. ಅಷ್ಟು ದೂರ ಬಂದಿದ್ದೀವಿ, ಉಡುಪಿ ಕೃಷ್ಣನನ್ನೂ ನೋಡಿಬರೋಣ ಅಂತ ಅಮ್ಮನಿಗೆ ಆಸೆ ಇತ್ತು. ಅಣ್ಣ ಮೆತ್ತಗೆ, ಇನ್ನೊಂದು ಸಲ ಬರೋಣಮ್ಮ ಅಂದ. ಅಮ್ಮ ರೂಮಿನಲ್ಲೇ ಕೂತು ಕೈ ಮುಗಿದರು.

ರೂಮಿನ ವಿಷಯದಲ್ಲಿ ನಾವು ಎಡವಿದೆವು. ಫೋನಿನಲ್ಲಿ ಲಿಫ್ಟ್ ಇದೆ ಅಂದಿದ್ದರು, ಹೋದರೆ ಕೆಟ್ಟು ನಿಂತಿತ್ತು. ಅಣ್ಣ ಅವನನ್ನು ಹೆಗಲ ಮೇಲೆ ಹೊತ್ತು ಎರಡು ಮಹಡಿ ಹತ್ತಿದ. ನೀವು ನೆಲಮಹಡಿಯನ್ನೇ ಕೇಳಿ. ಹೊಸದಾಗಿ ಪೇಂಟ್ ಮಾಡಿರಬಾರದು, ರಾತ್ರಿ ಬಿಸಿನೀರು ಸಿಗಬೇಕು, ಗಂಜಿ ಮಾಡಿಕೊಡೋ ಅಡುಗೆಮನೆ ಹತ್ತಿರ ಇರಬೇಕು.

ಊಟಕ್ಕೆ ಒಂದೇ ನಿಯಮ. ಹೊಗೆಯಾಡುತ್ತಿರಬೇಕು. ಬಿಸಿ ಇಡ್ಲಿ, ಬಿಸಿ ನೀರ್ ದೋಸೆ ಸರಿ, ಮಾಡಿಟ್ಟ ಕಾಯಿ ಚಟ್ನಿ ಬೇಡ. ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಐಸ್ ಬೇಡ. ಬಾಳೆಹಣ್ಣು, ಕಿತ್ತಳೆ ಕೈ ತೊಳೆದು ನೀವೇ ಸುಲಿದು ಕೊಡಿ. ಬಾಯಿ ಹುಣ್ಣಾಗಿದ್ದರೆ ಕರಾವಳಿಯ ಕುಚ್ಚಲಕ್ಕಿ ಗಂಜಿಯಷ್ಟು ಹಿತವಾದದ್ದು ಇನ್ನೊಂದಿಲ್ಲ, ತಣ್ಣಗಾಗಲು ಬಿಟ್ಟು, ಸ್ವಲ್ಪ ಉಪ್ಪು ಹಾಕಿ ಕೊಡಿ.

ಕಡಲ ತೀರಕ್ಕೆ ಬೆಳಗ್ಗೆ ಬೇಗ, ಇಲ್ಲ ಸಂಜೆ ಐದರ ಮೇಲೆ. ಮೆಥೊಟ್ರೆಕ್ಸೇಟ್ ಥರದ ಕೀಮೋ ಔಷಧಿಗಳಿಂದ ಚರ್ಮ ಬೇಗ ಸುಡುತ್ತದೆ. ನಾವು ಮಂಗಳೂರಿನ ತಣ್ಣೀರುಬಾವಿ ಬೀಚಿಗೆ ಹೋದೆವು, ಮರದ ನೆರಳಿತ್ತು, ವಾರದ ಮಧ್ಯೆ ಜನ ಕಡಿಮೆ. ಅವನ ತೋಳಿನಲ್ಲಿ ಪಿಕ್ ಲೈನ್, ಅಂದರೆ ಔಷಧಿ ಕೊಡಲು ರಕ್ತನಾಳಕ್ಕೆ ಹಾಕಿದ ತೆಳು ಕೊಳವೆ ಇತ್ತು, ಅದಕ್ಕೆ ಮರಳು, ಸಮುದ್ರದ ನೀರು ತಾಗಲೇಬಾರದು. ತೋಳಿಗೆ ಕವರ್ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ನೀರು ಬಂದು ಪಾದ ತೊಳೆದುಹೋಗುವ ಜಾಗದಲ್ಲಿ ಕೂರಿಸಿದೆವು. ಅಲೆ ಬಂದಾಗೆಲ್ಲ ಕಾಲು ಮೇಲೆತ್ತಿ, "ಅತ್ತೆ, ಇದು ನನ್ನ ಕುರ್ಚಿ ಎಳೆಯುತ್ತಿದೆ!" ಅಂತ ಕೂಗುತ್ತಿದ್ದ. ಮುಕ್ಕಾಲು ಗಂಟೆ. ಸಾಕು ಅಂತ ಅವನೇ ಅಂದ.

ಇನ್ನೊಂದು ಮಗು ಇದ್ದರೆ ಆ ಮಗುವನ್ನು ಮರೆಯಬೇಡಿ. ಅವನ ಅಕ್ಕನಿಗೆ ಹನ್ನೊಂದು ವರ್ಷ. ಆ ಒಂಬತ್ತು ತಿಂಗಳು ಅವಳು ನಮ್ಮ ಮನೆಯಲ್ಲಿ, ಅಜ್ಜಿ ಮನೆಯಲ್ಲಿ ಬ್ಯಾಗ್ ಹಿಡಿದುಕೊಂಡು ಓಡಾಡಿದ್ದಳು, ಏನೂ ಕೇಳಿರಲಿಲ್ಲ. ಪ್ರವಾಸದಲ್ಲಿ ಒಂದು ವಿಷಯ ಅವಳೇ ತೀರ್ಮಾನಿಸಲಿ ಅಂದೆವು. ಅಪ್ಪನ ಜೊತೆ ಒಬ್ಬಳೇ ಐಸ್‌ಕ್ರೀಮ್ ತಿನ್ನಬೇಕು ಅಂದಳು. ಇಬ್ಬರೂ ಹೋಗಿ ಎರಡು ಗಂಟೆ ಬಿಟ್ಟು ಬಂದರು.

ಹೋಗಲಾಗದಿದ್ದರೆ

ಡಾಕ್ಟರು ಊರು ಬಿಡಬೇಡಿ ಅಂದರೆ, ಅದಕ್ಕೆ ಕಾರಣ ಇರುತ್ತದೆ, ಒಪ್ಪಿಕೊಳ್ಳಿ. ಆದರೆ ಆಸೆಯನ್ನು ಬಿಡಬೇಡಿ, ಚಿಕ್ಕದು ಮಾಡಿ. ಕಬ್ಬನ್ ಪಾರ್ಕಿನ ಪುಟಾಣಿ ರೈಲು ಓಡುತ್ತಿದೆಯಾ ಅಂತ ವಿಚಾರಿಸಿ. ಇಲ್ಲ, ಬೆಳಗ್ಗೆ ಬೇಗ ಹೋಗಿ ರೈಲು ಹಳಿ ಕಾಣುವ ಕಡೆ ರಸ್ತೆ ಬದಿ ಕಾರು ನಿಲ್ಲಿಸಿ ದೊಡ್ಡ ರೈಲು ಹೋಗೋದನ್ನು ನೋಡಿದರೂ ಆಯಿತು. ನೋವು ಜಾಸ್ತಿ ಇರುವ ಮಗುವಾದರೆ ಪ್ಯಾಲಿಯೇಟಿವ್ ಕೇರ್‌ನವರನ್ನು, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆಯವರನ್ನು ಕೇಳಿ. ಆ ಹೆಸರು ಕೇಳಿದರೆ ಎದೆ ಒಡೆಯುತ್ತದೆ, ಗೊತ್ತು. ಆದರೆ ಅವರು ಕೊನೆಯ ದಿನಗಳಿಗೆ ಮಾತ್ರ ಅಲ್ಲ. ಯಾವ ಹೊತ್ತಿಗೆ ನೋವಿನ ಔಷಧಿ ಕೊಟ್ಟರೆ ಮಗು ಎರಡು ಗಂಟೆ ಆರಾಮಾಗಿ ಹೊರಗೆ ಇರಬಹುದು ಅಂತ ಲೆಕ್ಕ ಹಾಕಿಕೊಡುವವರು ಅವರೇ.

ವಾಪಸ್ ಬಂದ ಮೇಲೆ ಎರಡು ವಾರ ದಿನಕ್ಕೆ ಎರಡು ಸಲ ಟೆಂಪರೇಚರ್ ನೋಡಿ, ಡಾಕ್ಟರು ಹೇಳಿದ ದಿನ ಸಿಬಿಸಿ ಮಾಡಿಸಿ. ಮತ್ತೆ ಆಸ್ಪತ್ರೆಗೆ ಹೋಗುವ ಮೊದಲ ದಿನ ಮಗು ತುಂಬಾ ಮಂಕಾಗಬಹುದು, ರೇಗಬಹುದು. ಆ ದಿನಕ್ಕೆ ಅಂತ ಏನಾದರೂ ಕೆಲಸ ಉಳಿಸಿಕೊಳ್ಳಿ. ನಾವು ಟಿಕೆಟ್, ಚಿಪ್ಪು, ಫೋಟೋ ಎಲ್ಲ ಅಂಟಿಸಲು ಒಂದು ದಪ್ಪ ನೋಟ್‌ಬುಕ್ ಕೊಟ್ಟೆವು. ಕೀಮೋ ಹನಿ ಇಳಿಯುತ್ತಿರುವಾಗಲೇ ಅಂಟಿಸುತ್ತಾ ಕೂತಿದ್ದ. ಮೊದಲ ಪುಟದಲ್ಲಿ ಸುರಂಗದ ಲೆಕ್ಕ ಇದೆ, ಐದೈದು ಗೆರೆಯ ಗುಂಪುಗಳು. ಅವನ ಲೆಕ್ಕದಲ್ಲಿ 53, ಅಕ್ಕನ ಲೆಕ್ಕದಲ್ಲಿ 57. ವಾಂತಿ ಬಂದಾಗ ಅಮ್ಮ ಮುಖ ಒರೆಸುತ್ತಿದ್ದಳಲ್ಲ, ನಾಲ್ಕು ಆವಾಗ ಹೋದವು ಅಂತಾನೆ. ಈಗ ಕಾಯಿಲೆ ಮರಳದ ಹಾಗೆ ಕೊಡುವ ಮೇಂಟೆನೆನ್ಸ್ ಮಾತ್ರೆಯಲ್ಲಿದ್ದಾನೆ, ಆ ನಾಲ್ಕು ಯಾವುವು ಅಂತ ನೋಡಲು ಇನ್ನೊಮ್ಮೆ ಹೋಗಬೇಕಂತೆ. ಡಾಕ್ಟರ ಹತ್ತಿರ ವಾರ ಕೇಳಿದ್ದೇವೆ.